ಮನೆಯಲ್ಲೇ ಕಾರು ರಿಪೇರಿಗೆ ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್: ಆರಿಸುವುದು ಹೇಗೆ?

ನಟ್ಟು ಬೋಲ್ಟು ಬಿಡಿಸುವ ಮಶೀನು, ಅಂದರೆ ಇಂಪ್ಯಾಕ್ಟ್ ರೆಂಚ್, ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲಿನ ದೊಡ್ಡ ಅಂಕಿಯ ಕಡೆಗೆ. ಅದು ಟಾರ್ಕ್, ಅಂದರೆ ತಿರುಗಿಸುವ ಬಲದ ಅಳತೆ. ಒಂದರಲ್ಲಿ 350 ನ್ಯೂಟನ್ ಮೀಟರ್, ಇನ್ನೊಂದರಲ್ಲಿ 800, ಮತ್ತೊಂದರಲ್ಲಿ 1500. ಹೇಗೂ ದುಡ್ಡು ಹಾಕುತ್ತಿದ್ದೇವೆ, ದೊಡ್ಡದನ್ನೇ ತಗೊಳ್ಳೋಣ ಅನ್ನಿಸುವುದು ಸಹಜ. ಆದರೆ ಮನೆಯಲ್ಲಿ ಟೈರು ಬಿಚ್ಚುವ, ಬ್ರೇಕ್ ಪ್ಯಾಡ್ ಬದಲಿಸುವ, ಆಗೊಮ್ಮೆ ಈಗೊಮ್ಮೆ ಸಸ್ಪೆನ್ಷನ್‌ಗೆ ಕೈ ಹಾಕುವವರಿಗೆ ಆ ದೊಡ್ಡ ಮಶೀನು ಭಾರ. ಉದ್ದವೂ ಜಾಸ್ತಿ, ಎಷ್ಟೋ ಕಡೆ ಒಳಗೆ ತೂರುವುದೇ ಇಲ್ಲ. ಹಾಗಾಗಿ ಆಯ್ಕೆ ಅಂಗಡಿಯಿಂದ ಶುರುವಾಗಬಾರದು. ನಿಮ್ಮ ಕಾರಿನ ನಟ್‌ನಿಂದ ಶುರುವಾಗಬೇಕು.

ಮೊದಲು, ಒಳಗೆ ಏನು ನಡೆಯುತ್ತದೆ

ಇಂಪ್ಯಾಕ್ಟ್ ರೆಂಚ್ ನಟ್ಟನ್ನು ಒಂದೇ ಸಮನೆ ತಿರುಚುವುದಿಲ್ಲ, ಹೊಡೆದು ತಿರುಗಿಸುತ್ತದೆ. ಮೋಟರ್ ಒಂದು ಭಾರವಾದ ಉಕ್ಕಿನ ತುಂಡನ್ನು ತಿರುಗಿಸುತ್ತಿರುತ್ತದೆ. ಅದಕ್ಕೆ ಹ್ಯಾಮರ್ ಅಂತ ಹೆಸರು. ಸಾಕೆಟ್ (ನಟ್ಟನ್ನು ಹಿಡಿಯುವ ಬಟ್ಟಲು) ಕೂರುವ ಚೌಕದ ತುದಿಗೆ ಆನ್ವಿಲ್ ಅನ್ನುತ್ತಾರೆ. ನಟ್ ಬಿಗಿಯಾಗಿದ್ದು ಆನ್ವಿಲ್ ನಿಂತುಬಿಟ್ಟರೆ, ಹ್ಯಾಮರ್ ಹಿಂದಿನ ಸ್ಪ್ರಿಂಗನ್ನು ಅದುಮಿಕೊಂಡು ಹಿಂದೆ ಸರಿದು, ಆನ್ವಿಲ್ಲಿನ ಕಿವಿಯನ್ನು ದಾಟಿ, ವೇಗ ಪಡೆದು ಮತ್ತೆ ಬಂದು ಬಡಿಯುತ್ತದೆ. ಇದು ನಿಮಿಷಕ್ಕೆ 2000ದಿಂದ 3000 ಸಲ, ಕೆಲವು ಮಶೀನುಗಳಲ್ಲಿ ಇನ್ನೂ ಜಾಸ್ತಿ.

ಬಲವೆಲ್ಲ ಆ ಏಟಿನಲ್ಲಿರುವುದರಿಂದ ನಿಮ್ಮ ಮಣಿಕಟ್ಟು ತಿರುಚುವುದಿಲ್ಲ. ಅಷ್ಟೇ ಟಾರ್ಕ್ ಇರುವ ಡ್ರಿಲ್ ಹಿಡಿದರೆ ಕೈ ಉಳಿಯುವುದಿಲ್ಲ. ತುಕ್ಕು ಹಿಡಿದ ನಟ್ ಬಿಡಿಸುವುದರಲ್ಲಿ ಇದು ಪಳಗಿರುವುದಕ್ಕೂ ಕಾರಣ ಇದೇ. ಸಣ್ಣ ಸಣ್ಣ ಏಟುಗಳು ಥ್ರೆಡ್ಡಿನ ನಡುವಿನ ತುಕ್ಕನ್ನು ಪುಡಿ ಮಾಡುತ್ತಾ ಹೋಗುತ್ತವೆ.

ಇಲ್ಲೇ ಒಂದು ಎಚ್ಚರಿಕೆ. ಇಂಪ್ಯಾಕ್ಟ್ ಡ್ರೈವರ್ ಬೇರೆ, ಇಂಪ್ಯಾಕ್ಟ್ ರೆಂಚ್ ಬೇರೆ. ಡ್ರೈವರಿನ ಮುಂದೆ ಕಾಲಿಂಚಿನ ಆರು ಮೂಲೆಯ ತೂತು ಇರುತ್ತದೆ, ಅದು ಸ್ಕ್ರೂ ಬಿಟ್ ಹಾಕಲು. ರೆಂಚಿಗೆ ಚೌಕದ ತುದಿ ಇರುತ್ತದೆ, ಅದು ಸಾಕೆಟ್ ಹಾಕಲು. ಡ್ರೈವರಿಗೆ ಅಡಾಪ್ಟರ್ ಹಾಕಿ ವೀಲ್ ನಟ್ ಬಿಡಿಸಬಹುದು ಅಂತ ಹೇಳುವವರಿದ್ದಾರೆ. ಆ ಸಣ್ಣ ಅಡಾಪ್ಟರ್ ಕುತ್ತಿಗೆಯಲ್ಲೇ ಮುರಿಯುತ್ತದೆ. ಬೇಡ.

ಹಂತ 1: ನಿಮ್ಮ ನಟ್ ಎಷ್ಟು ಕೇಳುತ್ತದೆ, ಅಳೆಯಿರಿ

ಕಾರಿನ ಜೊತೆ ಬಂದ ಪುಸ್ತಕದಲ್ಲಿ ವೀಲ್ ನಟ್ಟಿನ ಟಾರ್ಕ್ ಬರೆದಿರುತ್ತದೆ. ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ದೊಡ್ಡ ಕಾರುಗಳಲ್ಲಿ, ಎಸ್‌ಯುವಿಗಳಲ್ಲಿ 120ರಿಂದ 150, ಕೆಲವು ಪಿಕಪ್‌ಗಳಲ್ಲಿ 200ರ ಹತ್ತಿರ. ಇದು ಬಿಗಿ ಮಾಡುವ ಲೆಕ್ಕ. ಬಿಡಿಸುವಾಗ ಇದಕ್ಕಿಂತ ಜಾಸ್ತಿ ಬೇಕು. ತುಕ್ಕು ಹಿಡಿದಿದ್ದರೆ, ಇಲ್ಲವೇ ಯಾರೋ ಇಂಪ್ಯಾಕ್ಟ್ ಗನ್ ಹಿಡಿದು ಸಿಕ್ಕಾಪಟ್ಟೆ ಬಿಗಿದಿದ್ದರೆ ಎರಡು ಮೂರು ಪಟ್ಟು ಬೇಕಾಗಬಹುದು.

ಅಂದಾಜಿನಲ್ಲಿ ಯಾಕೆ ಇರಬೇಕು? ಮನೆಯಲ್ಲೇ ಅಳೆಯಬಹುದು. ಕಾರು ಸಮತಟ್ಟಾದ ನೆಲದ ಮೇಲಿರಲಿ. ಚಕ್ರ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಅರ್ಧ ಮೀಟರ್ ಉದ್ದದ ಬ್ರೇಕರ್ ಬಾರ್‌ಗೆ (ನಟ್ ಬಿಡಿಸುವ ಉದ್ದ ಹಿಡಿಕೆ) ಸಾಕೆಟ್ ಹಾಕಿ ನಟ್ಟಿಗೆ ಕೂರಿಸಿ, ಬಾರ್ ನೆಲಕ್ಕೆ ಸಮಾನಾಂತರವಾಗಿ ಇರಲಿ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಬಾರಿನ ತುದಿಗೆ ಸಿಕ್ಕಿಸಿ, ನಟ್ ಬಿಡುವ ದಿಕ್ಕಿಗೆ ನೇರವಾಗಿ ಎಳೆಯಿರಿ. ನಟ್ ಟಕ್ ಅಂತ ಬಿಡುವ ಕ್ಷಣದಲ್ಲಿ ತಕ್ಕಡಿ ಎಷ್ಟು ಕೆಜಿ ತೋರಿಸಿತು ನೋಡಿಕೊಳ್ಳಿ. ಬಾರಿನ ಉದ್ದ ಮೀಟರಿನಲ್ಲಿ, ಅದಕ್ಕೆ ಗುಣಿಸು ಕೆಜಿ, ಅದಕ್ಕೆ ಗುಣಿಸು 10. ಅದೇ ನಿಮ್ಮ ನ್ಯೂಟನ್ ಮೀಟರ್. ಅರ್ಧ ಮೀಟರ್ ಬಾರ್, 30 ಕೆಜಿ ಎಳೆತ ಅಂದರೆ 150. ತಕ್ಕಡಿಯ ಮಿತಿ ದಾಟುವಷ್ಟು ಬಿಗಿಯಾಗಿದ್ದರೆ ಇನ್ನೂ ಉದ್ದದ ಬಾರ್ ಹಾಕಿ ನೋಡಿ. ಈ ಕೆಲಸಕ್ಕೆ ಟಾರ್ಕ್ ರೆಂಚ್ ಬಳಸಬೇಡಿ. ಅದು ಬಿಗಿ ಮಾಡುವಾಗ ಅಳೆಯುವ ಉಪಕರಣ. ಬಿಡಿಸಲು ಬಳಸಿದರೆ ಅದರ ಲೆಕ್ಕ ಕೆಡುತ್ತದೆ. ಅಳೆದ ಮೇಲೆ ಆ ನಟ್ಟನ್ನು ಪುಸ್ತಕ ಹೇಳಿದಷ್ಟಕ್ಕೇ ಮತ್ತೆ ಬಿಗಿ ಮಾಡಲು ಮರೆಯಬೇಡಿ.

ಇನ್ನೊಂದು ರೀತಿಯಲ್ಲೂ ಯೋಚಿಸಬಹುದು. 60 ಕೆಜಿ ತೂಕದ ವ್ಯಕ್ತಿ ಅರ್ಧ ಮೀಟರ್ ಬಾರಿನ ತುದಿಯಲ್ಲಿ ಪೂರ್ತಿ ಭಾರ ಬಿಟ್ಟರೆ ಸುಮಾರು 300 ನ್ಯೂಟನ್ ಮೀಟರ್ ಆಗುತ್ತದೆ. ಕೈಯಲ್ಲೇ ಮೈಭಾರ ಹಾಕಿ ನಿಮ್ಮ ಕಾರಿನ ವೀಲ್ ನಟ್ ಬಿಡಿಸಿದ್ದೀರಿ ಅಂದರೆ ಅದು 300ರ ಒಳಗೇ ಇದೆ ಅಂತಾಯಿತು. ಅದಕ್ಕೆ 1500ರ ಮಶೀನು ಬೇಕಿಲ್ಲ ಅಲ್ವಾ?

ಈಗ ವೀಲ್ ನಟ್ ಬಿಟ್ಟು ಬೇರೆ ಏನೇನು ಮಾಡುತ್ತೀರಿ, ಅದನ್ನೂ ಯೋಚಿಸಿ. ಬ್ರೇಕ್ ಕ್ಯಾಲಿಪರ್ ಹಿಡಿದಿರುವ ಬ್ರ್ಯಾಕೆಟ್ಟಿನ ಬೋಲ್ಟು, ಶಾಕ್ ಅಬ್ಸಾರ್ಬರ್ ಕೆಳಗಿನ ಬೋಲ್ಟು, ಇವೆಲ್ಲ ಹೆಚ್ಚೂ ಕಡಿಮೆ ವೀಲ್ ನಟ್ಟಿನ ಸಾಲಿಗೇ ಸೇರುತ್ತವೆ. ಚಕ್ರದ ನಟ್ಟನಡುವೆ ಇರುವ ಆಕ್ಸಲ್ ನಟ್ ಬೇರೆ ಜಾತಿ. 30, 32 ಇಲ್ಲವೇ 36 ಮಿಲಿಮೀಟರ್ ಗಾತ್ರದ ಆ ನಟ್ಟನ್ನು 200ರಿಂದ 300 ನ್ಯೂಟನ್ ಮೀಟರಿಗೆ ಬಿಗಿದಿರುವುದು ಸಾಮಾನ್ಯ, ವರ್ಷಗಟ್ಟಲೆ ಕೆಸರು ನೀರು ಕುಡಿದು ಕೂತಿರುತ್ತದೆ. ಎಂಜಿನ್ನಿನ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಇನ್ನೂ ಹಟಮಾರಿ. ಹೋಂಡಾ ಕಾರುಗಳಲ್ಲಿ ಈ ಬೋಲ್ಟು ಬಿಡಿಸುವುದು ಕಷ್ಟ ಅಂತ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಅದಕ್ಕಂತಲೇ ದಪ್ಪ ಉಕ್ಕಿನ ಭಾರದ ಸಾಕೆಟ್ ಸಿಗುತ್ತದೆ. ಈ ಎರಡಕ್ಕೂ ಕೈ ಹಾಕುವವರಾದರೆ ಮಾತ್ರ ದೊಡ್ಡ ಮಶೀನಿನ ಮಾತು.

ಹಂತ 2: ಡಬ್ಬದ ಮೇಲಿನ ಅಂಕಿಯನ್ನು ಸರಿಯಾಗಿ ಓದಿ

ಎಷ್ಟೋ ಮಶೀನುಗಳ ಮೇಲೆ ಎರಡು ಟಾರ್ಕ್ ಅಂಕಿ ಇರುತ್ತವೆ. ಒಂದು ಬಿಗಿ ಮಾಡುವ ಟಾರ್ಕ್, ಇನ್ನೊಂದು ಬಿಡಿಸುವ ಟಾರ್ಕ್. ಬಿಡಿಸುವ ಅಂಕಿ ಯಾವಾಗಲೂ ದೊಡ್ಡದು, ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದೂ ಅದೇ. ಮಿಲ್ವಾಕಿ ಕಂಪನಿಯ ಎಂ18 ಫ್ಯೂಯಲ್ ಸಾಲಿನ 2767 ಮಾಡೆಲನ್ನೇ ತಗೊಳ್ಳಿ. ಅದರ ಬಿಡಿಸುವ ಟಾರ್ಕ್ 1400 ಫುಟ್ ಪೌಂಡ್, ಬಿಗಿ ಮಾಡುವುದು 1000. ಒಂದೇ ಮಶೀನು, 400ರ ವ್ಯತ್ಯಾಸ. ಒಂದು ಕಂಪನಿಯ ಬಿಡಿಸುವ ಅಂಕಿಯನ್ನು ಇನ್ನೊಂದು ಕಂಪನಿಯ ಬಿಗಿಯುವ ಅಂಕಿಗೆ ಹೋಲಿಸಿ ನೋಡಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಅಳತೆಯ ಘಟಕವನ್ನೂ ನೋಡಿ. ಒಂದು ಫುಟ್ ಪೌಂಡ್ ಅಂದರೆ 1.356 ನ್ಯೂಟನ್ ಮೀಟರ್. 300 ಫುಟ್ ಪೌಂಡ್ ಅಂದಿದ್ದರೆ ಅದು 400 ನ್ಯೂಟನ್ ಮೀಟರ್ ದಾಟುತ್ತದೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ಘಟಕಕ್ಕೆ ತನ್ನಿ.

ಈ ಅಂಕಿಗಳು ಬರುವುದು ಪೂರ್ತಿ ಚಾರ್ಜಾದ ಒಳ್ಳೆಯ ಬ್ಯಾಟರಿ ಹಾಕಿ, ನಡುವೆ ಎಕ್ಸ್‌ಟೆನ್ಷನ್ (ಉದ್ದ ಹೆಚ್ಚಿಸುವ ಸರಳು) ಇಲ್ಲದೆ, ಸಾಕೆಟ್ ನೇರ ಕೂರಿಸಿ ಅಳೆದಾಗ. ನಿಮ್ಮ ಕೈಯಲ್ಲಿ ಅಷ್ಟು ಬರುವುದಿಲ್ಲ. ಹಾಗಾಗಿ ನಿಮಗೆ ಬೇಕಾದ್ದರ ಎರಡು ಪಟ್ಟು ಬಿಡಿಸುವ ಟಾರ್ಕ್ ಇರುವ ಮಶೀನು ನೋಡಿ. ನಿಮ್ಮ ನಟ್ 250 ಕೇಳುತ್ತದೆ ಅಂದರೆ 500. ಮನೆಯಲ್ಲಿ ಕೆಲಸ ಮಾಡುವ ಹೆಚ್ಚಿನವರಿಗೆ 500ರಿಂದ 700 ನ್ಯೂಟನ್ ಮೀಟರ್ ಬಿಡಿಸುವ ಟಾರ್ಕ್ ಇರುವ ಮಧ್ಯಮ ಮಶೀನು ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಕ್ಸಲ್ ನಟ್ ಬಿಚ್ಚುವವರು 900ರ ಮೇಲೆ ನೋಡಬಹುದು.

ಹಂತ 3: ಚೌಕದ ಗಾತ್ರ

ಅರ್ಧ ಇಂಚು ತಗೊಳ್ಳಿ. ಕಾರಿನ ವೀಲ್ ನಟ್ಟಿಗೆ ಬೇಕಾಗುವ 17, 19, 21 ಮಿಲಿಮೀಟರ್ ಸಾಕೆಟ್‌ಗಳು ಅರ್ಧ ಇಂಚಿನಲ್ಲಿ ಸುಲಭವಾಗಿ ಸಿಗುತ್ತವೆ. 3/8 ಇಂಚಿನ ಮಶೀನುಗಳು ಗಿಡ್ಡ, ಹಗುರ. ಎಂಜಿನ್ ಸುತ್ತಮುತ್ತಲ 10, 12, 14 ಮಿಲಿಮೀಟರ್ ಬೋಲ್ಟುಗಳಿಗೆ ಅವು ತುಂಬಾ ಚೆನ್ನ, ಆದರೆ ಅದು ಎರಡನೇ ಮಶೀನು. 3/4 ಇಂಚು ಲಾರಿ ಬಸ್ಸಿನವರಿಗೆ.

ಚೌಕದ ತುದಿಯಲ್ಲಿ ಸಾಕೆಟ್ ಹಿಡಿದುಕೊಳ್ಳಲು ಎರಡು ಬಗೆಯ ವ್ಯವಸ್ಥೆ ಇದೆ. ಒಂದರಲ್ಲಿ ಸಣ್ಣ ಉಂಗುರ ಇರುತ್ತದೆ, ಸಾಕೆಟ್ ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಇನ್ನೊಂದರಲ್ಲಿ ಸಣ್ಣ ಗುಂಡಿ ಚಿಮ್ಮಿಕೊಂಡಿರುತ್ತದೆ. ಸಾಕೆಟ್ ಬೀಳುವುದಿಲ್ಲ, ಆದರೆ ಪ್ರತಿ ಸಲ ತೂತಿನೊಳಗೆ ಏನಾದರೂ ಚೂಪಾದ್ದು ತೂರಿಸಿ ತೆಗೆಯಬೇಕು. ಮನೆ ಕೆಲಸದಲ್ಲಿ ಸಾಕೆಟ್ ಆಗಾಗ ಬದಲಿಸುತ್ತಾ ಇರುತ್ತೀರಿ. ಉಂಗುರದ್ದೇ ಇರಲಿ.

ಹಂತ 4: ಬ್ಯಾಟರಿ, ಇಲ್ಲೇ ನಿಜವಾದ ವಿಷಯ ಇರುವುದು

ಮಶೀನು ಎಷ್ಟೇ ಒಳ್ಳೆಯದಿರಲಿ, ಬ್ಯಾಟರಿ ಕರೆಂಟ್ ಕೊಡದಿದ್ದರೆ ಸುಮ್ನೆ ಗರಗರ ಅನ್ನುತ್ತದೆ. ಕೊಳ್ಳುವವರು ಹೆಚ್ಚು ಮೋಸ ಹೋಗುವುದೂ ಇಲ್ಲೇ.

ವೋಲ್ಟೇಜಿನಿಂದ ಶುರು ಮಾಡೋಣ. ಪ್ಯಾಕ್ ಒಳಗಿನ ಲಿಥಿಯಂ ಅಯಾನ್ ಸೆಲ್ ಒಂದಕ್ಕೆ ಸಾಮಾನ್ಯವಾಗಿ 3.6 ವೋಲ್ಟ್ ಅಂತ ಲೆಕ್ಕ. ಪೂರ್ತಿ ಚಾರ್ಜಾದಾಗ 4.2 ಇರುತ್ತದೆ. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 21. ಅಂದರೆ ಒಂದು ಕಂಪನಿ 18 ವೋಲ್ಟ್ ಅಂತ ಬರೆದಿದ್ದು, ಇನ್ನೊಂದು 20 ವೋಲ್ಟ್ ಮ್ಯಾಕ್ಸ್ ಅಂತ ಬರೆದಿದ್ದು, ಮತ್ತೊಂದು 21 ವೋಲ್ಟ್ ಅಂತ ಬರೆದಿದ್ದು, ಮೂರೂ ಅದೇ ಐದು ಸೆಲ್ಲಿನ ಸಾಲು. 21 ಅಂತ ಬರೆದಿದೆ, ಹಾಗಾಗಿ ಜಾಸ್ತಿ ಬಲ ಅನ್ನುವುದು ಸುಳ್ಳು. 12 ವೋಲ್ಟ್ ಅನ್ನುವುದು ಮೂರು ಸೆಲ್ಲಿನದು.

ಕೆಲವು ಅಗ್ಗದ ಮಶೀನುಗಳ ಮೇಲೆ 48, 88, 128 ಅಂತ ದೊಡ್ಡ ಅಂಕಿ, ಪಕ್ಕದಲ್ಲಿ ವಿ ಅಥವಾ ವಿಎಫ್ ಅಂತ ಬರೆದಿರುತ್ತದೆ. ಪ್ಯಾಕಿನ ಗಾತ್ರ ಮಾತ್ರ ಮಾಮೂಲಿ 18 ವೋಲ್ಟಿನ ಪ್ಯಾಕಿನಷ್ಟೇ. 88 ವೋಲ್ಟ್ ಬರಬೇಕಾದರೆ 24 ಸೆಲ್ ಸಾಲಾಗಿ ಬೇಕು. ಅಂಗೈ ಅಗಲದ ಡಬ್ಬದಲ್ಲಿ ಅಷ್ಟು ಸೆಲ್ ಹಿಡಿಸುವುದಿಲ್ಲ. ಆ ಅಂಕಿಗೆ ಬೆಲೆ ಕೊಡಬೇಡಿ. ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿ ವ್ಯಾಟ್ ಅವರ್ (ಪ್ಯಾಕಿನಲ್ಲಿ ಹಿಡಿಸುವ ಒಟ್ಟು ಶಕ್ತಿ) ಬರೆದಿದೆಯಾ ನೋಡಿ. ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿದರೆ ಅದು ಬರಬೇಕು. 18 ವೋಲ್ಟ್, 5 ಆಂಪಿಯರ್ ಅವರ್ ಅಂದರೆ 90 ವ್ಯಾಟ್ ಅವರ್. ಲೆಕ್ಕ ಕೂಡದಿದ್ದರೆ ಅಲ್ಲಿಗೇ ಬಿಡಿ.

ತೂಕವೂ ಸುಳ್ಳು ಹೇಳುವುದಿಲ್ಲ. ಪವರ್ ಟೂಲ್‌ಗಳಲ್ಲಿ ಹೆಚ್ಚಾಗಿ ಬಳಸುವ 18650 ಗಾತ್ರದ ಸೆಲ್ ಒಂದು ಸುಮಾರು 45 ಗ್ರಾಂ ತೂಗುತ್ತದೆ. ಹತ್ತು ಸೆಲ್ಲಿನ ಪ್ಯಾಕ್ ಅಂದರೆ ಬರೀ ಸೆಲ್ಲೇ 450 ಗ್ರಾಂ, ಮೇಲೆ ಪ್ಲಾಸ್ಟಿಕ್, ಸರ್ಕ್ಯೂಟ್. 6 ಆಂಪಿಯರ್ ಅವರ್ ಅಂತ ಬರೆದ ಪ್ಯಾಕನ್ನು ಅಡುಗೆಮನೆ ತಕ್ಕಡಿಯಲ್ಲಿ ಇಟ್ಟಾಗ 400 ಗ್ರಾಂ ಕೂಡ ಬರಲಿಲ್ಲ ಅಂದರೆ ಒಳಗೆ ಏನೋ ಕಮ್ಮಿ ಇದೆ.

ಆಂಪಿಯರ್ ಅವರ್ ಜಾಸ್ತಿ ಇದ್ದರೆ ಜಾಸ್ತಿ ಹೊತ್ತು ಓಡುತ್ತದೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಬಲವೂ ಬರುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿರುವುದಿಲ್ಲ. 2 ಆಂಪಿಯರ್ ಅವರಿನ ಪ್ಯಾಕಿನಲ್ಲಿ ಸಾಮಾನ್ಯವಾಗಿ ಐದು ಸೆಲ್ಲಿನ ಒಂದೇ ಸಾಲು. 4 ಅಥವಾ 5ರ ಪ್ಯಾಕಿನಲ್ಲಿ ಅಂಥ ಎರಡು ಸಾಲು ಪಕ್ಕಪಕ್ಕ. ಇಂಪ್ಯಾಕ್ಟ್ ರೆಂಚ್ ಒಮ್ಮೆಲೇ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ಒಂದೇ ಸಾಲಿದ್ದರೆ ಆ ಹೊರೆ ಪೂರ್ತಿ ಅದರ ಮೇಲೇ ಬಿದ್ದು ವೋಲ್ಟೇಜ್ ಕುಸಿಯುತ್ತದೆ, ಹ್ಯಾಮರ್ ವೇಗ ಕಳೆದುಕೊಳ್ಳುತ್ತದೆ. ಎರಡು ಸಾಲಿದ್ದರೆ ಹೊರೆ ಹಂಚಿಹೋಗುತ್ತದೆ. ಅದೇ ಮಶೀನು, ಅದೇ ನಟ್. 2ರ ಬ್ಯಾಟರಿಯಲ್ಲಿ ಬಿಡದ್ದು 5ರ ಬ್ಯಾಟರಿಯಲ್ಲಿ ಬಿಡಬಹುದು. ಆದ್ದರಿಂದ ಮಧ್ಯಮ ಮಶೀನಿಗೂ 4ಕ್ಕಿಂತ ಕಡಿಮೆ ಹಾಕಬೇಡಿ. ನಾಲ್ಕು ಚಕ್ರ ಬಿಚ್ಚಿ ಹಾಕಲು ಅಂಥದ್ದೊಂದು ಪ್ಯಾಕ್ ಧಾರಾಳ ಸಾಕು.

ನಿಮ್ಮ ಹತ್ತಿರ ಈಗಾಗಲೇ ಒಂದು ಕಂಪನಿಯ ಡ್ರಿಲ್ಲೋ ಗ್ರೈಂಡರ್ರೋ ಇದ್ದರೆ, ಅದೇ ಬ್ಯಾಟರಿ ಕೂರುವ ರೆಂಚ್ ನೋಡಿ. ಬ್ಯಾಟರಿ ಇಲ್ಲದ ಬರೀ ಮಶೀನು ತಗೊಂಡರೆ ಖರ್ಚು ಎಷ್ಟೋ ಇಳಿಯುತ್ತದೆ. ಒಬ್ಬೊಬ್ಬರ ಬ್ಯಾಟರಿ ಒಂದೊಂದು ಆಕಾರ, ಒಂದರದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಮೊದಲ ಸಲ ಕೊಳ್ಳುವವರು ರೆಂಚಿನ ಜೊತೆ ಮುಂದೆ ಬೇಕಾಗುವ ಬೇರೆ ಮಶೀನುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಂಪನಿ ಆರಿಸಬೇಕು. ಬ್ಯಾಟರಿ ಕೊಂಡ ದಿನವೇ ಆ ಕಂಪನಿಯ ಮನೆಗೆ ಸೇರಿಕೊಂಡ ಹಾಗೆ.

ಮೋಟರ್ ಬ್ರಷ್‌ಲೆಸ್ ಆಗಿದ್ದರೆ ಒಳ್ಳೆಯದು. ಅದೇ ಬ್ಯಾಟರಿಯಿಂದ ಜಾಸ್ತಿ ಕೆಲಸ, ಕಡಿಮೆ ಬಿಸಿ, ಸವೆಯುವ ಕಾರ್ಬನ್ ಬ್ರಷ್ ಇಲ್ಲ. ವರ್ಷಕ್ಕೆರಡು ಸಲ ಚಕ್ರ ಬಿಚ್ಚುವುದಷ್ಟೇ ಕೆಲಸವಾದರೆ ಬ್ರಷ್ ಇರುವುದೂ ನಡೆಯುತ್ತದೆ.

ಹಂತ 5: ಕೈಯಲ್ಲಿ ಹಿಡಿದು ನೋಡಿ

ಮಧ್ಯಮ ಮಶೀನು ಬ್ಯಾಟರಿ ಸೇರಿ ಸುಮಾರು 2ರಿಂದ 2.5 ಕೆಜಿ. ದೊಡ್ಡದು 3 ಕೆಜಿ ದಾಟುತ್ತದೆ. ಕಾರಿನ ಕೆಳಗೆ ಮಲಗಿ ಕೈ ಮೇಲೆತ್ತಿ ಹಿಡಿದಾಗ ಆ ಒಂದು ಕೆಜಿ ಏನು ಅಂತ ತೋಳಿಗೆ ಗೊತ್ತಾಗುತ್ತದೆ.

ತೂಕಕ್ಕಿಂತ ಮುಖ್ಯ ತಲೆಯ ಉದ್ದ, ಅಂದರೆ ಮಶೀನಿನ ಹಿಂಭಾಗದಿಂದ ಚೌಕದ ತುದಿಯ ತನಕ. ಚಕ್ರ ತೆಗೆದು ಕ್ಯಾಲಿಪರಿನ ಹಿಂದೆ ಇಣುಕಿ. ಬ್ರ್ಯಾಕೆಟ್ ಬೋಲ್ಟಿನ ತಲೆ ಕಾರಿನ ಒಳಮುಖಕ್ಕೆ ತಿರುಗಿರುತ್ತದೆ. ಅದರ ಎದುರಿಗೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್ ಎಲ್ಲ ಒತ್ತೊತ್ತಾಗಿರುತ್ತವೆ. ಆ ಸಂದಿಯಲ್ಲಿ ಸಾಕೆಟ್ ಮತ್ತು ಮಶೀನು ಎರಡೂ ಸೇರಿ ಹಿಡಿಸಬೇಕು. ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದರೆ ಮುಂದಿನ ಚಕ್ರದಲ್ಲಿ ಸ್ವಲ್ಪ ಜಾಗ ಸಿಗುತ್ತದೆ, ಹಿಂದಿನ ಚಕ್ರದಲ್ಲಿ ಆ ಅನುಕೂಲವೂ ಇಲ್ಲ. ಕೊಳ್ಳುವ ಮುಂಚೆ ಟೇಪು ಹಿಡಿದು ಅಲ್ಲಿ ಎಷ್ಟು ಜಾಗ ಇದೆ ಅಳೆದಿಟ್ಟುಕೊಳ್ಳಿ. ತಲೆ 15 ಸೆಂಟಿಮೀಟರಿನ ಸುತ್ತ ಇದ್ದರೆ ಕೆಲಸ ಹಗುರ.

ಟ್ರಿಗರ್ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ತಿರುಗಬೇಕು. ಬಲ ಕಡಿಮೆ ಮಾಡುವ ಎರಡು ಮೂರು ಹಂತ ಇರಲಿ. ಇನ್ನೊಂದು ನಿಜವಾಗಿಯೂ ಉಪಯೋಗಕ್ಕೆ ಬರುವ ಸೌಲಭ್ಯ ಅಂದರೆ, ಬಿಡಿಸುವಾಗ ನಟ್ ಸಡಿಲವಾದ ಕೂಡಲೇ ಮಶೀನು ತಾನೇ ನಿಲ್ಲುವುದು ಅಥವಾ ವೇಗ ಇಳಿಸುವುದು. ಇದಿದ್ದರೆ ನಟ್ ಹಾರಿ ಚರಂಡಿ ಸೇರುವುದಿಲ್ಲ. ಫೋನ್ ಆಪ್‌ಗೆ ಜೋಡಿಸುವ ಮಶೀನುಗಳೂ ಇವೆ, ಮನೆ ಕೆಲಸಕ್ಕೆ ಅದು ಬೇಕಿಲ್ಲ.

ಹಂತ 6: ಸಾಕೆಟ್‌ಗೆ ದುಡ್ಡು ಎತ್ತಿಡಿ

ಟೂಲ್ ಕಿಟ್ಟಿನಲ್ಲಿರುವ ಫಳಫಳ ಹೊಳೆಯುವ ಸಾಕೆಟ್ ಕೈ ಕೆಲಸಕ್ಕೆ ಮಾಡಿದ್ದು. ಅದು ಹೆಚ್ಚಾಗಿ ಕ್ರೋಮ್ ವೆನೇಡಿಯಂ ಉಕ್ಕು. ಗಡಸು ಜಾಸ್ತಿ, ಏಟು ತಡೆಯುವ ಗುಣ ಕಡಿಮೆ. ಇಂಪ್ಯಾಕ್ಟ್ ರೆಂಚಿಗೆ ಹಾಕಿದರೆ ಸೀಳಿ ಚೂರು ಮುಖಕ್ಕೆ ಹಾರಬಹುದು. ಇಂಪ್ಯಾಕ್ಟ್ ಸಾಕೆಟ್ ಕಪ್ಪಗಿರುತ್ತದೆ, ಗೋಡೆ ದಪ್ಪ, ಹೆಚ್ಚಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕಿನದು, ಏಟು ತಿಂದು ತಡೆದುಕೊಳ್ಳುತ್ತದೆ. ಒಳಗೆ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದು ನಟ್ಟಿನ ಮೂಲೆ ತಿನ್ನುತ್ತದೆ.

ಅಲಾಯ್ ವೀಲ್ ಇದ್ದರೆ ಹೊರಗಡೆ ಪ್ಲಾಸ್ಟಿಕ್ ತೋಳು ಹಾಕಿದ ತೆಳು ಗೋಡೆಯ ಉದ್ದ ಸಾಕೆಟ್ ತಗೊಳ್ಳಿ. ಮಾಮೂಲಿ ದಪ್ಪ ಸಾಕೆಟ್ ನಟ್ಟಿನ ಗುಳಿಯೊಳಗೆ ಇಳಿಯದೇ ಇರಬಹುದು, ಇಳಿದರೂ ಬಣ್ಣ ಕೀಳುತ್ತದೆ. ಎಕ್ಸ್‌ಟೆನ್ಷನ್ ಆದಷ್ಟು ಗಿಡ್ಡ, ದಪ್ಪ ಇರಲಿ. ಉದ್ದದ ತೆಳು ಎಕ್ಸ್‌ಟೆನ್ಷನ್ ಪ್ರತಿ ಏಟಿಗೂ ತಾನೇ ಸ್ವಲ್ಪ ತಿರುಚಿಕೊಂಡು ಬಲವನ್ನು ನುಂಗಿಬಿಡುತ್ತದೆ. ನಟ್ ಬಿಡುತ್ತಿಲ್ಲ, ಮಶೀನಿಗೆ ತಾಕತ್ತಿಲ್ಲ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಸಡಿಲ ಸಾಕೆಟ್ಟು, ಉದ್ದದ ಎಕ್ಸ್‌ಟೆನ್ಷನ್ನು.

ಚಕ್ರ ಕಳ್ಳತನ ಆಗದಿರಲಿ ಅಂತ ಹಾಕುವ ಲಾಕ್ ನಟ್‌ಗೆ ಮಾತ್ರ ಇದನ್ನು ತಾಗಿಸಬೇಡಿ. ಅದರ ಕೀಲಿ ಸಾಕೆಟ್ ಏಟಿಗೆ ಒಡೆದರೆ ಚಕ್ರ ತೆಗೆಯುವುದೇ ದೊಡ್ಡ ಕಷ್ಟ. ಅದೊಂದನ್ನು ಕೈಯಲ್ಲೇ ಬಿಡಿಸಿ.

ಹಂತ 7: ಬಿಗಿ ಮಾಡಲು ಟಾರ್ಕ್ ರೆಂಚ್ ಬೇಕೇ ಬೇಕು

ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಇಂಪ್ಯಾಕ್ಟ್ ರೆಂಚ್ ಬಿಡಿಸಲು. ಕೊನೆಯ ಬಿಗಿ ಟಾರ್ಕ್ ರೆಂಚಿನ ಕೆಲಸ. 500 ನ್ಯೂಟನ್ ಮೀಟರ್ ಕೊಡಬಲ್ಲ ಮಶೀನು 100 ಸಾಕಾಗುವ ನಟ್ಟನ್ನು ಕೆಲವೇ ಸೆಕೆಂಡಿನಲ್ಲಿ ಮಿತಿ ದಾಟಿಸುತ್ತದೆ. ಆಗ ನಟ್ ಕೂರುವ ಸ್ಟಡ್ ಹಿಗ್ಗುತ್ತದೆ, ಥ್ರೆಡ್ ಹೋಗುತ್ತದೆ, ಒಂದೊಂದು ನಟ್ ಒಂದೊಂದು ಬಿಗಿಯಾಗಿ ಬ್ರೇಕ್ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಬಹುದು. ರಸ್ತೆ ಪಕ್ಕ ಟೈರು ಪಂಚರಾದಾಗ ಕಾರಿನಲ್ಲಿರುವ ಸ್ಪ್ಯಾನರಿನಿಂದ ಆ ನಟ್ ಬಿಡುವುದೂ ಇಲ್ಲ. ಎರಡಕ್ಕೂ ಸೇರಿ ದುಡ್ಡು ಸಾಲದಿದ್ದರೆ ಸಣ್ಣ ಇಂಪ್ಯಾಕ್ಟ್ ರೆಂಚ್ ತಗೊಂಡು ಟಾರ್ಕ್ ರೆಂಚ್ ಉಳಿಸಿಕೊಳ್ಳಿ.

ಕ್ರಮ ಹೀಗೆ. ಎಲ್ಲ ನಟ್ಟುಗಳನ್ನೂ ಬೆರಳಿನಲ್ಲೇ ಶುರು ಮಾಡಿ, ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಸಿಕ್ಕಿಕೊಂಡರೆ ಬಿಚ್ಚಿ ಮತ್ತೆ ಹಾಕಿ. ಮಶೀನನ್ನು ಎಲ್ಲಕ್ಕಿಂತ ಕಡಿಮೆ ಹಂತದಲ್ಲಿಟ್ಟು, ಏಟು ಶುರುವಾಗುವ ಮುಂಚೆಯೇ ಟ್ರಿಗರ್ ಬಿಡಿ. ಟೈರು ನೆಲಕ್ಕೆ ತಾಗುವಷ್ಟು ಜಾಕ್ ಇಳಿಸಿ. ಆಮೇಲೆ ಟಾರ್ಕ್ ರೆಂಚಿನಿಂದ ನಕ್ಷತ್ರದ ಕ್ರಮದಲ್ಲಿ, ಅಂದರೆ ಒಂದರ ನಂತರ ಅದರ ಎದುರಿನದು ಅನ್ನುವ ಹಾಗೆ ಬಿಗಿ ಮಾಡಿ. ಸ್ಟಡ್ಡಿಗೆ ಎಣ್ಣೆ ಗ್ರೀಸ್ ಹಚ್ಚಬೇಡಿ. ಪುಸ್ತಕದಲ್ಲಿರುವ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿನ ಲೆಕ್ಕ, ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ ಜಾಸ್ತಿ ಬಿಗಿ ಬೀಳುತ್ತದೆ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಸ್ಪಾರ್ಕ್ ಪ್ಲಗ್, ಎಂಜಿನ್ ಆಯಿಲಿನ ಡ್ರೈನ್ ಬೋಲ್ಟು, ಸಿಲಿಂಡರ್ ಹೆಡ್ ಬೋಲ್ಟು, ಅಲ್ಯೂಮಿನಿಯಮ್ಮಿನೊಳಗೆ ಹೋಗುವ ಯಾವುದೇ ಬೋಲ್ಟನ್ನು ಇದರಿಂದ ಬಿಗಿ ಮಾಡಲೇಬಾರದು. ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದರೆ ಸರಿಪಡಿಸುವ ಖರ್ಚು ಈ ಮಶೀನಿನ ಬೆಲೆಯನ್ನೂ ಮೀರಬಹುದು.

ಮನೆಗೆ ತಂದ ಮೇಲೆ

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೊದಲ ದಿನವೇ ಒಂದು ಚಕ್ರದ ನಟ್ಟುಗಳನ್ನು ಬಿಡಿಸಿ ನೋಡಿ. ಬದಲಾಯಿಸಿಕೊಳ್ಳುವ ಅವಧಿ ಮುಗಿಯುವುದರೊಳಗೆ ಗೊತ್ತಾಗಲಿ. ಕಿವಿಗೆ ಇಯರ್‌ಮಫ್ ಅಥವಾ ಇಯರ್‌ಪ್ಲಗ್ ಇರಲಿ. ಏಟು ಶುರುವಾದಾಗ ಶಬ್ದ 100 ಡೆಸಿಬಲ್ಲಿನ ಹತ್ತಿರ ಹೋಗುತ್ತದೆ, 85 ದಾಟಿದರೇ ಕಿವಿಗೆ ರಕ್ಷಣೆ ಬೇಕು. ಕಣ್ಣಿಗೆ ಕನ್ನಡಕ ಹಾಕಿ, ತುಕ್ಕಿನ ಪುಡಿ ಸಿಡಿಯುತ್ತದೆ. ತಿರುಗುವ ಸಾಕೆಟ್ಟನ್ನು ಸಡಿಲ ಗ್ಲೌಸ್ ಹಾಕಿದ ಕೈಯಲ್ಲಿ ಹಿಡಿಯಬೇಡಿ, ಬಟ್ಟೆ ಸುತ್ತಿಕೊಂಡು ಬೆರಳು ಎಳೆಯುತ್ತದೆ. ಕಾರಿನ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಟ್ಟೇ ಹೋಗಿ. ಈ ಮಶೀನಿನ ಏಟಿಗೆ ಕಾರು ಅಲುಗಾಡುತ್ತದೆ.

ಹತ್ತು ಸೆಕೆಂಡ್ ಹೊಡೆದರೂ ನಟ್ ಬಿಡದಿದ್ದರೆ ನಿಲ್ಲಿಸಿ. ಹೊಡೆಯುತ್ತಲೇ ಇದ್ದರೆ ಮೋಟರ್, ಬ್ಯಾಟರಿ ಎರಡೂ ಬಿಸಿಯಾಗುತ್ತವೆ, ನಟ್ಟಿನ ಮೂಲೆ ಸವೆಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒಂದು ಕ್ಷಣ ಬಿಗಿಯುವ ಕಡೆಗೆ, ಮತ್ತೆ ಬಿಡಿಸುವ ಕಡೆಗೆ, ಹೀಗೆ ಹಿಂದೆ ಮುಂದೆ ಹೊಡೆಸಿ ನೋಡಿ. ವೀಲ್ ನಟ್ಟಾಗಿದ್ದರೆ, ಬಿಟ್ಟ ಮೇಲೆ ಸ್ಟಡ್ಡಿಗೆ ಅಂಟಿದ ಆ ಎಣ್ಣೆ ಒರೆಸಿ. ಅದಕ್ಕೂ ಜಗ್ಗದಿದ್ದರೆ ಉದ್ದದ ಬ್ರೇಕರ್ ಬಾರ್ ಹಿಡಿಯಿರಿ.

ಕೆಲಸ ಮುಗಿದ ಮೇಲೆ ಬ್ಯಾಟರಿ ಬಿಚ್ಚಿಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಿ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬೇಡ, ಪೂರ್ತಿ ಖಾಲಿ ಮಾಡಿಯೂ ಬೇಡ.